ಕೆಮ್ಮಣ್ಣಿನ ನೆಲದಲ್ಲಿ ಮನೆ ಕಟ್ಟುವ ಬಗೆ

ಅನ್ನ, ಅರಿವೆ, ಆಶ್ರಯ ಎಂಬ ಈ ಮೂರು ಮಾನವನ ಬಾಳಿಗೆ ಅನಿವಾರ್ಯವಾದವು. ಇವುಗಳಲ್ಲಿ ಮೊದಲೆರಡನ್ನು ನಾವು ದಿನದಿನವೂ ಆಯ್ದುಕೊಳ್ಳುತ್ತೇವೆ. ಇಂದು ತಪ್ಪಿದರೆ ನಾಳೆ ತಿದ್ದಿಕೊಳ್ಳಬಹುದು. ಮೂರನೆಯದನ್ನಾದರೋ ಬಹುಮಂದಿ ಬಾಳಿನಲ್ಲಿ ಒಂದೇ ಸಲ ಆಯ್ದುಕೊಳ್ಳುತ್ತಾರೆ. ಆಗ ಮಾಡಿದ ತಪ್ಪನ್ನು ಮಕ್ಕಳು ಮೊಮ್ಮಕ್ಕಳವರೆಗೂ ಹೊರಬೇಕಾಗುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕೇವಲ ಖರ್ಚಿನ ಮಾತಲ್ಲ. ವಿವೇಕದ ಪರೀಕ್ಷೆಯ ಮಾತೂ ಹೌದು.

ಹಾಗಾದರೆ ಒಳ್ಳೆಯ ಮನೆ ಯಾವುದು? ಎತ್ತರವಾದುದೇ, ವೆಚ್ಚ ಹೆಚ್ಚಾದುದೇ, ಅಥವಾ ನೆರೆಯವರು ಬೆರಗಾಗುವಂಥದೇ? ಒಳಗಿರುವವರ ಆರೋಗ್ಯವನ್ನು ಕಾಯುವ, ಕಟ್ಟುವವನನ್ನು ಸಾಲಕ್ಕೆ ನೂಕದ, ಕಟ್ಟಿದ ನೆಲವನ್ನು ಬರಿದುಮಾಡದ ಮನೆಯೇ ಒಳ್ಳೆಯ ಮನೆ ಎಂಬುದು ಈ ಲೇಖನದ ನಿಲುವು. ಈ ಮಾತನ್ನು ಗಾಳಿಯಲ್ಲಿ ಹೇಳದೆ, ನಾಡಿನ ಒಂದು ನೆಲವನ್ನು ಮುಂದಿರಿಸಿಕೊಂಡು ವಿಚಾರ ಮಾಡೋಣ.

ಒಂದು ಊರು, ಒಂದು ಹೆಸರು

ಉಡುಪಿಯಿಂದ ವಾಯವ್ಯಕ್ಕೆ, ಸ್ವರ್ಣಾ ನದಿಯು ಕಡಲನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವೆಡೆಯಲ್ಲಿ ಕೆಮ್ಮಣ್ಣು ಎಂಬ ಊರಿದೆ. ತೆಂಗಿನ ತೋಟಗಳು, ಗದ್ದೆಗಳು, ನದಿಯ ನಡುವೆ ಕುದ್ರುಗಳೆಂದು ಕರೆಯಲಾಗುವ ನಡುಗಡ್ಡೆಗಳು, ಒಂದು ಕುದ್ರುವಿಗೆ ಹಾಯಲು ತೂಗುಸೇತುವೆ, ಇವು ಅಲ್ಲಿಯ ನೋಟ. ಕೆಂಪಾದ ಮಣ್ಣು ಎಂಬುದು ಆ ಪದದ ಅರ್ಥ. ಈ ಪದವು ಕರಾವಳಿಯ ಮನೆಗಳಲ್ಲಿ ಇನ್ನೊಂದು ಬಗೆಯಲ್ಲಿಯೂ ಬಳಕೆಯಲ್ಲಿದೆ. ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು ಬಳಿಯುವುದು ಹಬ್ಬದ ಮುನ್ನಾದಿನಗಳ ಕೆಲಸವಾಗಿತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಹಚ್ಚಿ, ಅದನ್ನು ಕೆರೆದು ಚಿತ್ರ ಮೂಡಿಸುವ ಕಾವಿ ಕಲೆಯು ಕೊಂಕಣ ಮತ್ತು ಕೆನರಾ ತೀರದ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಹೀಗೆ ಕಾಲಡಿಯ ಮಣ್ಣೇ ಗೋಡೆಯೂ ಆಗಿ, ಗೋಡೆಯ ಅಲಂಕಾರವೂ ಆಗಿ ನಿಂತ ನೆಲವಿದು.

ಮಳೆ ಹೇಳುವ ಪಾಠ

ಮನೆಯ ಆಕಾರವನ್ನು ನಿರ್ಧರಿಸುವವನು ಮೊದಲು ಮಳೆರಾಯ, ಆಮೇಲೆ ಶಿಲ್ಪಿ. ಉಡುಪಿಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತಿಂಗಳೊಳಗೆ ಸುರಿದುಹೋಗುತ್ತದೆ. ವಿಜಯಪುರದ ಕಡೆ ವರ್ಷಕ್ಕೆ ಬೀಳುವುದು ಸುಮಾರು ೬೦೦ ಮಿಲಿಮೀಟರು. ಆದುದರಿಂದಲೇ ಬಯಲುಸೀಮೆಯ ನಮ್ಮ ಹಿರಿಯರು ಮಣ್ಣಿನ ಚಪ್ಪಟೆ ಮಾಳಿಗೆಯನ್ನು ಹಾಕಿದರು. ಕರಾವಳಿಯವರು ಇಳಿಜಾರಾದ ಮಾಡನ್ನು ಕಟ್ಟಿದರು.

ಇಬ್ಬರದೂ ವಿಜ್ಞಾನವೇ. ಮಾಳಿಗೆಯ ಮೇಲೆ ಹೊದಿಸುವ ಚೌಳುಮಣ್ಣು ನೀರು ತಾಗಿದೊಡನೆ ನುಣ್ಣನೆಯ ಕಣಗಳಾಗಿ ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಹೀಗಾಗಿ ಅಲ್ಪ ಮಳೆಯ ನೀರು ಕೆಳಗಿಳಿಯುವುದಿಲ್ಲ. ಬಯಲುಸೀಮೆಯಲ್ಲಿ ಹಗಲು ಕಡುಬಿಸಿಲು, ಇರುಳು ತಂಪು. ಅಲ್ಲಿ ದಪ್ಪ ಮಣ್ಣಿನ ಗೋಡೆಯು ಹಗಲಿನ ಕಾವನ್ನು ತನ್ನಲ್ಲಿ ಹೀರಿಕೊಂಡು ಒಳಗನ್ನು ತಂಪಾಗಿರಿಸುತ್ತದೆ. ಕರಾವಳಿಯಲ್ಲಾದರೋ ಹಗಲಿಗೂ ಇರುಳಿಗೂ ಉಷ್ಣತೆಯ ಅಂತರ ಕಡಿಮೆ. ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಗೋಡೆಯ ದಪ್ಪಕ್ಕಿಂತ ನೆರಳೂ ಗಾಳಿಯ ಓಡಾಟವೂ ಮುಖ್ಯ. ಒಂದು ಸೀಮೆಗೆ ಹಿತವಾದ ಮನೆ ಇನ್ನೊಂದು ಸೀಮೆಗೆ ಹಿತವಾಗಲಾರದು. ಎಲ್ಲ ಊರಿಗೂ ಒಂದೇ ನಕ್ಷೆ ಎಂಬ ಇಂದಿನ ರೂಢಿಯ ಮೂಲದೋಷ ಇಲ್ಲಿಯೇ ಇದೆ.

ಮುರಕಲ್ಲಿನ ಕಥೆ

ಕರಾವಳಿಯ ಗುಡ್ಡಗಳನ್ನು ಅಗೆದರೆ ದೊರೆಯುವುದು ಕೆಂಪು ಕಲ್ಲು. ತುಳುನಾಡಿನಲ್ಲಿ ಇದನ್ನು ಮುರಕಲ್ಲೆಂದೂ, ಬೇರೆ ಕೆಲವೆಡೆ ಜಂಬಿಟ್ಟಿಗೆ ಎಂದೂ ಕರೆಯುತ್ತಾರೆ. ೧೮೦೦-೧೮೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕೇರಳದ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಬಂದ ಹೆಸರದು. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆ ಇದ್ದೇ ಇದೆ.

ಈ ಕಲ್ಲು ಹುಟ್ಟುವ ಬಗೆ ಸ್ವಾರಸ್ಯವಾದುದು. ಉಷ್ಣವಲಯದಲ್ಲಿ ಮಳೆ, ಬಿಸಿಲು ಒಂದರ ಹಿಂದೊಂದು ಬರುತ್ತಿರುವಾಗ ಬಂಡೆಯೊಳಗಿನ ಸಿಲಿಕ, ಸುಣ್ಣ ಮೊದಲಾದ ಅಂಶಗಳು ನೀರಿನೊಡನೆ ಕರಗಿ ಹೋಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಮ್ ಲೋಹಗಳ ಆಕ್ಸೈಡುಗಳು ಉಳಿಯುತ್ತವೆ. ಕಬ್ಬಿಣವೇ ಅದರ ಕೆಂಪಿಗೆ ಕಾರಣ. ನೆಲದೊಳಗಿರುವಾಗ ಕತ್ತಿಯಂಥ ಆಯುಧದಿಂದ ಕಡಿಯುವಷ್ಟು ಮೆತ್ತಗಿರುವ ಈ ಕಲ್ಲು, ಹೊರಗೆ ಗಾಳಿ ಬಿಸಿಲಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಸುಡುವ ಭಟ್ಟಿ ಬೇಡ, ಉರಿಸುವ ಸೌದೆ ಬೇಡ. ಇಟ್ಟಿಗೆಯನ್ನು ಮನುಷ್ಯನು ಬೆಂಕಿಯಿಂದ ಮಾಡಿದರೆ, ಈ ಇಟ್ಟಿಗೆಯನ್ನು ನಿಸರ್ಗವು ನೀರಿನಿಂದ ಮಾಡಿದೆ. ಭಾರತೀಯ ಮಾನಕ ಸಂಸ್ಥೆಯು ೧೯೭೯ರ ತನ್ನ ನಿಯಮದಲ್ಲಿ ಕಟ್ಟಡದ ಮುರಕಲ್ಲು ಚದರ ಸೆಂಟಿಮೀಟರಿಗೆ ೩೫ ಕಿಲೋಗ್ರಾಮಿನಷ್ಟಾದರೂ ಭಾರವನ್ನು ತಾಳಬೇಕೆಂದು ವಿಧಿಸಿದೆ. ಒಂದೆರಡು ಅಂತಸ್ತಿನ ಹಳ್ಳಿಯ ಮನೆಗೆ ಇಷ್ಟು ಬಲ ಧಾರಾಳವಾಯಿತು.

ಹಳೆಯ ಮನೆಯ ಜಾಣ್ಮೆ

ಕರಾವಳಿಯ ಹಳೆಯ ಮನೆಯೊಂದನ್ನು ಪಠ್ಯಪುಸ್ತಕದಂತೆ ಓದಬಹುದು. ಅಡಿಪಾಯವೂ ಜಗಲಿಯ ಕಟ್ಟೆಯೂ ಮುರಕಲ್ಲಿನವು. ಮೇಲಿನ ಗೋಡೆ ಶ್ರೀಮಂತನಾದರೆ ಕಲ್ಲಿನದು, ಬಡವನಾದರೆ ಮಣ್ಣಿನದು. ಮಣ್ಣನ್ನು ನೀರಿನಲ್ಲಿ ಕಲಸಿ, ತುಳಿದು, ಹದಬರುವವರೆಗೆ ಬಿಟ್ಟು, ಒಂದೊಂದೇ ವರಸೆಯಾಗಿ ಗೋಡೆಯನ್ನು ಏರಿಸುತ್ತಿದ್ದರು. ಕೆಳಗಿನ ವರಸೆ ಒಣಗಿದ ಮೇಲಷ್ಟೇ ಮುಂದಿನದು. ಮಾಡಿಗೆ ಪಕ್ಕಾಸು, ಅದರ ಮೇಲೆ ರೀಪು, ಅದರ ಮೇಲೆ ಮುಳಿಹುಲ್ಲು ಅಥವಾ ಹೆಂಚು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮಂಗಳೂರು ಹೆಂಚು ನಾಡಿನುದ್ದಕ್ಕೂ ಹಬ್ಬಿತು.

ಮಾಡಿನ ಅಡಿಯಲ್ಲಿ ಹಲಗೆ ಹಾಸಿ, ಅದರ ಮೇಲೆ ಮಣ್ಣು ಹೊದಿಸಿದ ಮುಚ್ಚಿಗೆಯು ಹೆಂಚಿನ ಕಾವು ಕೋಣೆಗೆ ಇಳಿಯದಂತೆ ತಡೆಯುತ್ತಿತ್ತು. ನಡುವಿನ ತೆರೆದ ಅಂಗಳ ಬೆಳಕನ್ನು ಒಳಕ್ಕೆ ತಂದು, ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿತ್ತು. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತಿತ್ತು. ಮಳೆಗಾಲ ಬಂದಾಗ ಪಡುವಣ ಜಗಲಿಗೆ ತೆಂಗಿನ ಮಡಲಿನ ತಟ್ಟಿಗಳನ್ನು ಕಟ್ಟಿ ಇರಚಲನ್ನು ತಡೆಯುತ್ತಿದ್ದರು. ಮಳೆಗಾಲ ಕಳೆದೊಡನೆ ಬಿಚ್ಚುತ್ತಿದ್ದರು. ಗದ್ದೆಯಲ್ಲಿ ನಾಟಿ ಮಾಡುವವಳು ಗೊರಬನ್ನು ಹೊದ್ದಂತೆ, ಮನೆಯೂ ಋತುವಿಗೆ ತಕ್ಕಂತೆ ಹೊದಿಕೆಯನ್ನು ಹೊದ್ದು ತೆಗೆಯುತ್ತಿತ್ತು.

ಇಂಥ ಮನೆಗಳನ್ನು ಕಾಣಬಯಸುವವರು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಬಹುದು. ಕೆಡವಿಹೋಗಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದವರು ವಿಜಯನಾಥ ಶೆಣೈಯವರು. ಕುಂಜೂರು ಚೌಕಿಮನೆಯಂಥ ಕಟ್ಟಡಗಳು ಅಲ್ಲಿವೆ. ಬಿಚ್ಚಿ ಮತ್ತೆ ಕಟ್ಟಬಹುದಾದ ಮನೆ ಎಂಬುದೇ ಒಂದು ದೊಡ್ಡ ಪಾಠ. ಕಾಂಕ್ರೀಟಿನ ಮನೆಯನ್ನು ಕೆಡವಿದರೆ ಉಳಿಯುವುದು ಕಸದ ರಾಶಿ. ಮಣ್ಣು, ಮರ, ಹೆಂಚಿನ ಮನೆಯನ್ನು ಬಿಚ್ಚಿದರೆ ಉಳಿಯುವುದು ಇನ್ನೊಂದು ಮನೆಗೆ ಬೇಕಾದ ಸಾಮಗ್ರಿ.

ಕಚ್ಚಾ ಎಂಬ ಅಪಮಾನ

ಇಷ್ಟಾದರೂ ಜನರು ಮಣ್ಣಿನ ಮನೆಯನ್ನು ಏಕೆ ತೊರೆದರು? ಮಣ್ಣಿನ ಮನೆಯಲ್ಲಿ ದೋಷಗಳಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ಮಾಡುವ ದ್ರೋಹ. ಬಡವರ ಮನೆಗಳಲ್ಲಿ ಕಿಟಕಿಗಳಿರಲಿಲ್ಲ. ಅಡಿಗೆಮನೆಯ ಹೊಗೆ ಹೆಂಗಸರ ಕಣ್ಣನ್ನೂ ಎದೆಯನ್ನೂ ಸುಟ್ಟಿತು. ಗೆದ್ದಲು ಮರವನ್ನು ತಿಂದಿತು. ವರ್ಷವರ್ಷವೂ ಹುಲ್ಲು ಹೊದಿಸುವ, ನೆಲ ಸಾರಿಸುವ, ಗೋಡೆ ಮೆತ್ತುವ ದುಡಿಮೆಯ ಹೊರೆ ಬಹುಪಾಲು ಹೆಂಗಸರ ತಲೆಯ ಮೇಲೆಯೇ ಬಿತ್ತು. ಅವರು ಸಿಮೆಂಟಿನ ನೆಲವನ್ನು ಬಯಸಿದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಇದರೊಡನೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಸರಕಾರಿ ಲೆಕ್ಕದಲ್ಲಿ ಮಣ್ಣಿನ ಗೋಡೆ, ಹುಲ್ಲಿನ ಮಾಡು ಕಚ್ಚಾ ಎನಿಸಿದವು. ಸುಟ್ಟ ಇಟ್ಟಿಗೆ, ಸಿಮೆಂಟುಗಳು ಪಕ್ಕಾ ಎನಿಸಿದವು. ಕಚ್ಚಾ ಎಂದರೆ ಅರೆಬೆಂದುದು, ಕೀಳಾದುದು ಎಂಬ ಭಾವ ಬೇರೂರಿತು. ಮಣ್ಣಿನ ಮನೆಯ ಹುಡುಗನು ತನ್ನ ಮನೆಗೆ ಸಹಪಾಠಿಯನ್ನು ಕರೆಯಲು ನಾಚಿದನು. ಹೀಗೆ ಮಣ್ಣು ಸೋತದ್ದು ಬಲದಲ್ಲಿ ಮಾತ್ರವಲ್ಲ, ಮಾನದಲ್ಲಿ.

ಬದಲಿಗೆ ಬಂದುದೇನು? ತೆಳುವಾದ ಗೋಡೆ, ಮೇಲೆ ಚಪ್ಪಟೆಯಾದ ಕಾಂಕ್ರೀಟಿನ ತಾರಸಿ. ಬೇಸಗೆಯಲ್ಲಿ ಅದು ದಿನವಿಡೀ ಕಾದು ರಾತ್ರಿಯೆಲ್ಲ ಕಾವನ್ನು ಒಳಕ್ಕೆ ಬಿಡುತ್ತದೆ. ಮಳೆಗಾಲದಲ್ಲಿ ನೀರು ನಿಂತು ಸೋರುತ್ತದೆ. ಕಡಲಗಾಳಿಯ ಉಪ್ಪಿನ ಅಂಶ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಲುಪಿದಾಗ ಅದು ತುಕ್ಕು ಹಿಡಿದು ಉಬ್ಬುತ್ತದೆ. ಮೇಲಿನ ಗಾರೆ ಒಡೆದು ಬೀಳುತ್ತದೆ. ಕೊನೆಗೆ ಮನೆಯವರು ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಾದ ತಗಡಿನ ಮಾಡನ್ನು ಹಾಕಿಸುತ್ತಾರೆ. ಇಂದು ಉಡುಪಿಯ ಸುತ್ತಮುತ್ತ ಎಲ್ಲಿ ನೋಡಿದರೂ ಈ ದೃಶ್ಯವೇ. ಅಜ್ಜನು ಒಂದು ಮಾಡಿನಿಂದ ಸಾಧಿಸಿದುದನ್ನು ಮೊಮ್ಮಗನು ಎರಡು ಮಾಡುಗಳ ಹಣ ತೆತ್ತು ಸಾಧಿಸಬೇಕಾಗಿದೆ.

ವಿಜ್ಞಾನ ನೀಡಿದ ಕೈಯಾಸರೆ

ಹಳೆಯದನ್ನು ಹಾಗೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಅದರ ಗುಣವನ್ನು ಉಳಿಸಿ ದೋಷವನ್ನು ಕಳೆಯುವುದೇ ದಾರಿ. ಈ ದಾರಿಯಲ್ಲಿ ಕನ್ನಡನಾಡು ಮೊದಲೇ ಹೆಜ್ಜೆಯಿಟ್ಟಿದೆ ಎಂಬುದು ನಮ್ಮ ಹೆಮ್ಮೆ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಅಗತ್ಯಗಳಿಗೆ ಅನ್ವಯಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮ ಅದರ ಪ್ರಯೋಗಭೂಮಿ. ಅಲ್ಲಿಯ ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದ ವಿಜ್ಞಾನಿಗಳು ಮಣ್ಣಿನ ಇಟ್ಟಿಗೆಯನ್ನು ಶಾಸ್ತ್ರೀಯವಾಗಿ ಅಭ್ಯಸಿಸಿದರು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಸುಮಾರು ಏಳು ಪಾಲು ಸಿಮೆಂಟನ್ನು ಬೆರೆಸಿ, ತುಸುವೇ ತೇವಮಾಡಿ, ಕೈಯಿಂದ ನಡೆಯುವ ಒತ್ತುಯಂತ್ರದಲ್ಲಿ ಅದುಮಿ, ಒದ್ದೆ ಹುಲ್ಲಿನ ಕೆಳಗೆ ಸುಮಾರು ಮೂರು ವಾರ ಇರಿಸಿದರೆ, ನೀರಿನಲ್ಲಿ ನೆನೆದರೂ ಕರಗದ ಗಟ್ಟಿ ಇಟ್ಟಿಗೆ ಸಿದ್ಧವಾಗುತ್ತದೆ. ಸುಡುವ ಅಗತ್ಯವೇ ಇಲ್ಲ.

ಇದರ ಲಾಭವನ್ನು ಅಂಕೆಗಳಲ್ಲಿ ನೋಡೋಣ. ೨೦೦೩ರಲ್ಲಿ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಟ್ಟ ಇಟ್ಟಿಗೆಯ ಎರಡು ಅಂತಸ್ತಿನ ಕಟ್ಟಡವೊಂದರ ಪ್ರತಿ ಚದರ ಮೀಟರಿಗೆ ಸಾಮಗ್ರಿಗಳಲ್ಲಿ ಅಡಗಿದ ಶಕ್ತಿ ೨.೯೨ ಗಿಗಾಜೂಲು, ಮಣ್ಣಿನ ಒತ್ತು ಇಟ್ಟಿಗೆಯ ಕಟ್ಟಡದಲ್ಲಿ ಅದು ೧.೬೧ ಗಿಗಾಜೂಲು ಮಾತ್ರ. ಅಂದರೆ ಇಂಧನದಲ್ಲಿ ಬಹುತೇಕ ಅರ್ಧದಷ್ಟು ಉಳಿತಾಯ. ಸುಣ್ಣದ ಕಲ್ಲನ್ನು ಸುಮಾರು ೧೪೫೦ ಡಿಗ್ರಿ ಸೆಲ್ಷಿಯಸ್ ಕಾವಿನಲ್ಲಿ ಬೇಯಿಸಿ ಸಿಮೆಂಟನ್ನು ಮಾಡುತ್ತಾರೆ. ಜಗತ್ತಿನಲ್ಲಿ ಮಾನವನು ಹೊರಸೂಸುವ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡಾ ಏಳೆಂಟರಷ್ಟು ಸಿಮೆಂಟಿನಿಂದಲೇ ಬರುತ್ತದೆಂದು ಅಂದಾಜಿದೆ. ಬಿಸಿಯೇರುತ್ತಿರುವ ಭೂಮಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ನೆರೆಯ ಕೇರಳದಲ್ಲಿ ಲಾರಿ ಬೇಕರ್ ಇದೇ ತತ್ತ್ವವನ್ನು ಸಾವಿರಾರು ಕಟ್ಟಡಗಳಲ್ಲಿ ತೋರಿಸಿದರು. ೧೯೧೭ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ೨೦೦೭ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಆ ವಾಸ್ತುಶಿಲ್ಪಿ, ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿಯ ಸುತ್ತಳತೆಯೊಳಗೇ ದೊರೆಯಬೇಕೆಂಬ ಗಾಂಧೀಜಿಯವರ ವಿಚಾರವನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ತಾರಸಿ ಬೇಕೇ ಬೇಕೆಂಬಲ್ಲಿ, ಕಾಂಕ್ರೀಟಿನ ಕೆಳಪದರದಲ್ಲಿ ಕೆಲಸವಿಲ್ಲದೆ ಕುಳಿತಿರುವ ಭಾಗದ ಬದಲಿಗೆ ಹಳೆಯ ಮಂಗಳೂರು ಹೆಂಚುಗಳನ್ನು ತುಂಬಿ ಸಿಮೆಂಟನ್ನು ಉಳಿಸುವ ವಿಧಾನವನ್ನು ಅವರು ಜನಪ್ರಿಯಗೊಳಿಸಿದರು. ಹೆಂಚಿನ ನಾಡಾದ ಕರಾವಳಿಗೆ ಇದು ಹೇಳಿಮಾಡಿಸಿದಂತಿದೆ.

ಮಣ್ಣನ್ನು ಪರೀಕ್ಷಿಸುವ ಬಗೆ

ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಮಾಡಬಹುದಾದ ಎರಡು ಸುಲಭ ಪರೀಕ್ಷೆಗಳಿವೆ.

ಮೊದಲನೆಯದು ಗಾಜಿನ ಶೀಶೆಯ ಪರೀಕ್ಷೆ. ನೇರವಾದ ಬದಿಯ ಶೀಶೆಯೊಂದರ ಮೂರರಲ್ಲೊಂದು ಪಾಲು ಮಣ್ಣು ತುಂಬಿ, ಉಳಿದುದಕ್ಕೆ ನೀರೆರೆದು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಅಲುಗಿಸದೆ ಇರಿಸಬೇಕು. ಮೊದಲು ಮರಳು ತಳಕ್ಕಿಳಿಯುತ್ತದೆ. ಅದರ ಮೇಲೆ ನಯವಾದ ಗೋಡು. ಎಲ್ಲಕ್ಕಿಂತ ಮೇಲೆ, ನಿಧಾನವಾಗಿ, ಜೇಡಿ. ಮರುದಿನ ಪದರಗಳನ್ನು ಅಳತೆಪಟ್ಟಿಯಿಂದ ಅಳೆಯಿರಿ. ನೂರರಲ್ಲಿ ಸುಮಾರು ೬೫ ಪಾಲು ಮರಳು, ೧೦ರಿಂದ ೧೫ ಪಾಲು ಜೇಡಿ ಇದ್ದರೆ ಸಿಮೆಂಟು ಬೆರೆಸಿದ ಇಟ್ಟಿಗೆಗೆ ಮಣ್ಣು ಯೋಗ್ಯ. ಜೇಡಿ ಹೆಚ್ಚಾದರೆ ಇಟ್ಟಿಗೆ ಒಣಗುವಾಗ ಬಿರಿಯುತ್ತದೆ. ಆಗ ಮರಳನ್ನೋ ಕಲ್ಲಿನ ಪುಡಿಯನ್ನೋ ಸೇರಿಸಬೇಕು.

ಎರಡನೆಯದು ಉಂಡೆಯ ಪರೀಕ್ಷೆ. ಕಲಸಿದ ಮಣ್ಣನ್ನು ಉಂಡೆಮಾಡಿ ಎದೆಯೆತ್ತರದಿಂದ ಗಟ್ಟಿನೆಲದ ಮೇಲೆ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾದರೆ ನೀರು ಹೆಚ್ಚಾಯಿತು. ನಾಲ್ಕೈದು ಹೋಳಾದರೆ ಹದ ಸರಿಯಾಗಿದೆ. ಯಾವ ಪ್ರಯೋಗಾಲಯವೂ ಬೇಡದ ಈ ಪರೀಕ್ಷೆಯಲ್ಲಿ ಶಾಸ್ತ್ರವೂ ಅನುಭವವೂ ಕೈಜೋಡಿಸಿವೆ.

ಆರೋಗ್ಯದ ಸೂತ್ರಗಳು

ಕೆಮ್ಮಣ್ಣಿನಂಥ ನೆಲದಲ್ಲಿ ಕಟ್ಟುವ ಮನೆ ಆರೋಗ್ಯಕರವಾಗಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ಪಾಯವು ಅಂಗಳದಿಂದ ಒಂದೂವರೆ ಎರಡು ಅಡಿಯಾದರೂ ಮೇಲಿರಬೇಕು. ತೇವವೂ ಗೆದ್ದಲೂ ಏರಿ ಬರುವುದು ಕೆಳಗಿನಿಂದಲೇ. ಸೂರು ಮೂರಡಿಯಷ್ಟು ಚಾಚಿರಬೇಕು. ಮಣ್ಣಿನ ಗೋಡೆಯ ಆಯುಷ್ಯ ಸೂರಿನ ಅಗಲದಲ್ಲಿದೆ. ಪಡುವಣ ಗೋಡೆಗೆ ಜಗಲಿಯ ನೆರಳಿರಬೇಕು. ಎದುರುಬದುರಿನ ಗೋಡೆಗಳಲ್ಲಿ ಕಿಟಕಿಗಳಿದ್ದರೆ ಮಾತ್ರ ಗಾಳಿ ಕೋಣೆಯನ್ನು ದಾಟಿ ಹೋಗುತ್ತದೆ. ಒಂದೇ ಬದಿಯ ಕಿಟಕಿ ಬೆಳಕನ್ನು ತಂದೀತು, ಗಾಳಿಯನ್ನಲ್ಲ. ಮಾಡಿನ ತುದಿಯಲ್ಲಿ ಬಿಸಿಗಾಳಿ ಹೊರಹೋಗಲು ಕಂಡಿಗಳಿರಬೇಕು. ಸೌದೆಯೊಲೆ ಉಳಿದಿರುವ ಮನೆಗಳಲ್ಲಿ ಹೊಗೆ ಹೊರಗೊಯ್ಯುವ ಕೊಳವೆ ಅತ್ಯಗತ್ಯ. ಇದಕ್ಕಾಗಿಯೇ ಅಸ್ತ್ರ ಕೇಂದ್ರವು ಅಸ್ತ್ರ ಒಲೆಯನ್ನು ರೂಪಿಸಿತು. ಶೌಚಾಲಯದ ಗುಂಡಿ ಬಾವಿಯಿಂದ ಸಾಕಷ್ಟು ದೂರ, ತಗ್ಗಿನ ಕಡೆಗಿರಬೇಕು; ಮುರಕಲ್ಲಿನ ರಂಧ್ರಮಯ ನೆಲದಲ್ಲಿ ಕೊಳೆನೀರು ಬಾವಿಗೆ ಬೇಗನೆ ಹರಿಯುತ್ತದೆ.

ಗೋಡೆಗೆ ಸುಣ್ಣವೇ ಒಳ್ಳೆಯದು. ನದಿಯ ಅಳಿವೆಯಲ್ಲಿ ದೊರೆಯುವ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು ಈ ತೀರದ ಹಳೆಯ ಕಸುಬು. ಸುಟ್ಟಾಗ ಬಿಟ್ಟುಕೊಟ್ಟ ಇಂಗಾಲದ ಡೈ ಆಕ್ಸೈಡನ್ನು ಗೋಡೆಯ ಮೇಲಿನ ಸುಣ್ಣವು ಗಾಳಿಯಿಂದ ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ. ಬೂಷ್ಟು ಬೆಳೆಯಲು ಅವಕಾಶ ಕೊಡುವುದಿಲ್ಲ. ತೇವವನ್ನು ಒಳಗೇ ಹಿಡಿದಿಡುವ ಬಣ್ಣಗಳಿಗಿಂತ ಮಳೆನಾಡಿಗೆ ಇದೇ ಮೇಲು.

ಸ್ಥಳೀಯವಾದ ಮಾತ್ರಕ್ಕೆ ಅಕ್ಷಯವಲ್ಲ

ಇಲ್ಲಿ ಒಂದು ಎಚ್ಚರದ ಮಾತನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಹತ್ತಿರದಲ್ಲಿ ದೊರೆಯುತ್ತದೆ ಎಂದ ಮಾತ್ರಕ್ಕೆ ಅದು ಮುಗಿಯದ ಸಂಪತ್ತಲ್ಲ. ಮುರಕಲ್ಲು ರೂಪುಗೊಳ್ಳಲು ಬೇಕಾದ ಕಾಲವು ಮನುಷ್ಯನ ಲೆಕ್ಕಕ್ಕೆ ನಿಲುಕದು. ಯಂತ್ರದ ಗರಗಸ ಅದನ್ನು ಕೆಲವೇ ತಿಂಗಳುಗಳಲ್ಲಿ ಬಗೆದುಹಾಕುತ್ತದೆ. ಮಳೆನೀರನ್ನು ಕುಡಿದು ಬೇಸಗೆಯಲ್ಲಿ ಬಾವಿಗಳಿಗೆ ಉಣಿಸುವುದೂ ಇದೇ ಕಲ್ಲಿನ ಗುಡ್ಡ. ಕಲ್ಲು ತೆಗೆದು ಬಿಟ್ಟುಹೋದ ಕೋರೆಗಳಲ್ಲಿ ಮಳೆಗಾಲದ ನೀರು ನಿಲ್ಲುತ್ತದೆ, ಸೊಳ್ಳೆಗಳು ಹುಟ್ಟುತ್ತವೆ, ಈಜಲಿಳಿದ ಮಕ್ಕಳು ಮರಳಿ ಮೇಲೇಳದೆ ಹೋದ ದುರಂತಗಳನ್ನು ಕರಾವಳಿ ಮತ್ತೆ ಮತ್ತೆ ಕಂಡಿದೆ. ಒಬ್ಬನ ಮನೆಯ ಗೋಡೆಯು ಇನ್ನೊಬ್ಬನ ಮನೆಯ ದೀಪವನ್ನು ಆರಿಸಿದರೆ, ಅಂಥ ಗೋಡೆಯನ್ನು ನೈಸರ್ಗಿಕವೆಂದು ಹೊಗಳುವುದು ಹೇಗೆ? ನದಿಯ ಮರಳಿನ ಮಾತೂ ಇದೇ.

ಆದುದರಿಂದ ಮಿತವ್ಯಯವೇ ಮೊದಲ ಸಾಮಗ್ರಿಯಾಗಬೇಕು. ಕಲ್ಲನ್ನು ಪಾಯಕ್ಕೂ ನೀರು ತಾಗುವ ಕೆಳಗೋಡೆಗೂ ಬಳಸಿ, ಮೇಲಿನ ಗೋಡೆಗೆ ಮಣ್ಣಿನ ಒತ್ತು ಇಟ್ಟಿಗೆಯನ್ನು ಬಳಸಬಹುದು. ಅದರ ಮಣ್ಣನ್ನು ಪಾಯ ತೋಡಿದಲ್ಲಿಂದ, ಬಾವಿ ತೆಗೆದಲ್ಲಿಂದ, ಕೋರೆಯಲ್ಲಿ ವ್ಯರ್ಥವಾಗಿ ಬಿದ್ದಿರುವ ಕಲ್ಲಿನ ಚೂರು ಪುಡಿಗಳಿಂದ ಪಡೆಯಬಹುದು. ಹಳೆಯ ಮನೆ ಬಿಚ್ಚಿದಾಗ ಬರುವ ಮರ, ಹೆಂಚುಗಳನ್ನು ಮತ್ತೆ ಬಳಸಬಹುದು. ಬಿಟ್ಟ ಕೋರೆಗಳಿಗೆ ಬೇಲಿ ಕಟ್ಟಿ ಮಳೆನೀರಿನ ಕೊಳಗಳನ್ನಾಗಿ ಮಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಗತ್ಯಕ್ಕಿಂತ ದೊಡ್ಡ ಮನೆಯನ್ನು ಕಟ್ಟದಿರಬಹುದು. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯು ಅಡಿಗೆಯ ಜಾಗವೂ ಸೇರಿ ಕನಿಷ್ಠ ೨೫ ಚದರ ಮೀಟರಿನ ಮನೆಯನ್ನು ಗೊತ್ತುಪಡಿಸಿತು. ಅಷ್ಟು ಕಿರಿದಾದ ಜಾಗದಲ್ಲಿಯೂ ಗಾಳಿ, ಬೆಳಕು, ನೆರಳನ್ನು ತರಬಲ್ಲ ವಿನ್ಯಾಸವೇ ಬಡವನಿಗೆ ಬೇಕಾದ ನಿಜವಾದ ವಿನ್ಯಾಸ.

ಉಪಸಂಹಾರ

ಮಣ್ಣಿನಲ್ಲಿ ಕೆಲಸಮಾಡುವ ಕೈಗಳು ಕಡಿಮೆಯಾಗುತ್ತಿವೆ. ಗೋಡೆಯ ಹದವನ್ನು ಬೆರಳಿನಿಂದ ತಿಳಿಯುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ; ಅವರ ವಿದ್ಯೆಯನ್ನು ಯಾರೂ ಬರೆದಿಟ್ಟಿಲ್ಲ. ಹೋದ ಮನೆಯನ್ನು ಮತ್ತೆ ಕಟ್ಟಬಹುದು. ಹೋದ ವಿದ್ಯೆಯನ್ನು ಕಟ್ಟುವುದು ಕಷ್ಟ. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳು ಬರುವ ರಜೆಯಲ್ಲಿ ತಮ್ಮ ಊರಿನ ಹಳೆಯ ಮನೆಯೊಂದರ ಜಗಲಿಯಲ್ಲಿ ಕುಳಿತು, ಅದನ್ನು ಕಟ್ಟಿದವರನ್ನೋ ಕಟ್ಟಿದ್ದನ್ನು ಕಂಡವರನ್ನೋ ಮಾತಾಡಿಸಲಿ. ಮಣ್ಣನ್ನು ಎಲ್ಲಿಂದ ತಂದಿರಿ, ಎಷ್ಟು ದಿನ ಕೊಳೆಹಾಕಿದಿರಿ, ಮರವನ್ನು ಯಾವ ತಿಂಗಳಲ್ಲಿ ಕಡಿದಿರಿ ಎಂದು ಕೇಳಿ ಬರೆದುಕೊಳ್ಳಲಿ. ಶಾಲೆಯ ತೋಟದ ಮೂಲೆಯಲ್ಲಿ ಹತ್ತು ಇಟ್ಟಿಗೆಗಳನ್ನಾದರೂ ತಮ್ಮ ಕೈಯಿಂದ ಒತ್ತಿ ಒಣಗಿಸಿ ನೋಡಲಿ.

ನಾಳೆ ಇವರಲ್ಲಿಯೇ ಕೆಲವರು ಎಂಜಿನಿಯರರಾಗುತ್ತಾರೆ, ಕೆಲವರು ಮೇಸ್ತ್ರಿಗಳಾಗುತ್ತಾರೆ, ಕೆಲವರು ಪಂಚಾಯತಿಯಲ್ಲಿ ಕುಳಿತು ಮನೆಗಳಿಗೆ ಮಂಜೂರಾತಿ ನೀಡುತ್ತಾರೆ. ಎಲ್ಲರೂ ಒಂದು ಮನೆಯಲ್ಲಿ ವಾಸಿಸುತ್ತಾರೆ. ಅಂದು ಅವರು ಮಣ್ಣನ್ನು ಕಚ್ಚಾ ಎಂದು ಕರೆಯುವ ಮುನ್ನ ಒಂದು ಕ್ಷಣ ಯೋಚಿಸಿದರೆ ಈ ಬರಹದ ಉದ್ದೇಶ ಸಾರ್ಥಕವಾಯಿತೆಂದು ಭಾವಿಸುತ್ತೇನೆ. ನಾವು ನಿಂತ ನೆಲವು ನಮಗೆ ಮನೆಯನ್ನೂ ಕೊಡಬಲ್ಲುದು. ಮುಂದಿನವರಿಗೂ ಅಷ್ಟನ್ನು ಉಳಿಸಿ ತೆಗೆದುಕೊಳ್ಳುವ ವಿವೇಕವನ್ನು ನಾವೇ ಗಳಿಸಬೇಕು.